ಎರೆ ಹೊಲಕ್ಕಿಳಿದ ಪೈಲಟ್

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಗಂಡಸರ ವಾರ್ಡಿನ ಉಸ್ತುವಾರಿ ನನ್ನದು. ವಾಸಿಯಾಗಿ ಮನೆಗೆ ಹೋದವರ ಮುಖ ನಮಗೆ ಬೇಗ ಮರೆತುಹೋಗುತ್ತದೆ; ಮರೆಯುವುದೇ ಒಳ್ಳೆಯದು ಕೂಡ, ಇಲ್ಲದಿದ್ದರೆ ತಲೆಯಲ್ಲಿ ಜಾಗವೇ ಉಳಿಯುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಬಂದ ಒಬ್ಬರನ್ನು ನಾನು ಮರೆತಿಲ್ಲ. ಅವರು ಇಂಗ್ಲೆಂಡಿನವರು, ಎಪ್ಪತ್ತು ದಾಟಿದವರು. ಬಿಸಿಲಲ್ಲಿ ಕೋಟೆ ಗುಡ್ಡ ಹತ್ತಿ ಇಳಿದು, ನೀರು ಸರಿಯಾಗಿ ಕುಡಿಯದೆ, ಲಾಡ್ಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಿದ್ದರು. ಲಾಡ್ಜಿನವರು ಆಟೋದಲ್ಲಿ ಕೂರಿಸಿ ನಮ್ಮಲ್ಲಿಗೆ ಕಳಿಸಿದರು.

"ಬಳ್ಳಾರಿ ಬಿಸ್ಲು ಇವರಿಗೇನು ಗೊತ್ರಿ ಸಿಸ್ಟರ್," ಎಂದ ಆಟೋದವನು, ಅವರ ತೋಳು ಹಿಡಿದು ಒಳಗೆ ತರುತ್ತ. "ತಲಿ ಮ್ಯಾಲೆ ಟೋಪಿ ಇದ್ರ ಆತು ಅಂದ್ಕೊಂಡಾರ."

ಮೊದಲ ದಿನ ಅವರು ಹೆಚ್ಚು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಸಲೈನ್ ಬಾಟಲಿ ಬದಲಿಸಲು ಹೋದಾಗ, "ಸಿಸ್ಟರ್, ಕುರುಗೋಡು ಇಲ್ಲಿಂದ ಎಷ್ಟು ದೂರ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನರ್ಸಿಂಗ್ ಕಲಿಯುವಾಗ ಕೇರಳದ ಹುಡುಗಿಯರ ಜೊತೆ ಹಾಸ್ಟೆಲ್ಲಿನಲ್ಲಿದ್ದು ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

"ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿ ನಿಮಗೆ ಯಾರಿದ್ದಾರೆ?"

"ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಿಲ್ಲ. ನನ್ನ ತಂದೆ ಒಮ್ಮೆ ಅಲ್ಲಿ ಆಕಾಶದಿಂದ ಬಿದ್ದಿದ್ದರು."

ಜ್ವರದ ಮಾತು ಎಂದುಕೊಂಡು ಹಣೆ ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು. ಅವರು ಮೊದಲ ಸಲ ನಕ್ಕರು.

ಆ ಮಧ್ಯಾಹ್ನ ವಾರ್ಡಿನಲ್ಲಿ ಅಷ್ಟು ಗಡಿಬಿಡಿ ಇರಲಿಲ್ಲ. ಅವರ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅವರು ತಮ್ಮ ತಂದೆಯ ಕಥೆ ಹೇಳಿದರು.

ಆ ತಂದೆ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಬೇಕರಿಯವನ ಮಗ. ಮುಂಜಾನೆ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮನೆಮನೆಗೆ ಬ್ರೆಡ್ಡು ಹಾಕುತ್ತಿದ್ದ ಹುಡುಗ. ಎರಡನೆಯ ಮಹಾಯುದ್ಧ ಶುರುವಾದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ವಾಯುಪಡೆಗೆ ಸೇರಿದ. ಮೊದಲು ಒಂದರ ಮೇಲೊಂದು ರೆಕ್ಕೆಯಿದ್ದ ಹಳೆಯ ವಿಮಾನದಲ್ಲಿ ಹಾರಲು ಕಲಿತ. ಆಮೇಲೆ ಒಬ್ಬನೇ ಕೂತು ಹಾರಿಸಿ ಒಬ್ಬನೇ ಗುಂಡು ಹಾರಿಸಬೇಕಾದ ಫೈಟರ್ ವಿಮಾನ ಕೊಟ್ಟರು.

ಯುದ್ಧ ಶುರುವಾದ ಮರುವರ್ಷದ ಬೇಸಿಗೆಯಲ್ಲಿ ಜರ್ಮನ್ ವಿಮಾನಗಳು ಮತ್ತೆ ಮತ್ತೆ ಸಮುದ್ರ ದಾಟಿ ಬರುತ್ತಿದ್ದವು. ಹುಲ್ಲಿನ ಮೈದಾನದ ಅಂಚಿಗೊಂದು ಮರದ ಶೆಡ್ಡು. ಅದರ ಮುಂದೆ ಕುರ್ಚಿ ಹಾಕಿಕೊಂಡು, ಬೂಟು ಕೂಡ ಬಿಚ್ಚದೆ ಹುಡುಗರು ಕಾಯುತ್ತಿದ್ದರು. ಒಬ್ಬ ಪೇಪರ್ ಓದುತ್ತಿದ್ದ, ಇನ್ನೊಬ್ಬ ಅಲ್ಲಿಯ ನಾಯಿಯ ಕಿವಿ ತುರಿಸುತ್ತ ಕೂತಿರುತ್ತಿದ್ದ. ಶೆಡ್ಡಿನೊಳಗೆ ಫೋನು ರಿಂಗಾಯಿತೆಂದರೆ ಎಲ್ಲರೂ ವಿಮಾನಗಳ ಕಡೆಗೆ ಓಡಬೇಕು. ಅರ್ಧ ಕುಡಿದ ಚಹಾ ಅಲ್ಲೇ ಆರುತ್ತಿತ್ತು. ಮರಳಿ ಬಂದಾಗ ಕೆಲವು ಕುರ್ಚಿ ಖಾಲಿ. ಹೊಸ ಹುಡುಗರು ಬಂದು ಅದೇ ಕುರ್ಚಿಗಳಲ್ಲಿ ಕೂರುತ್ತಿದ್ದರು. ಅವರ ಹೆಸರು ಕೇಳಲು ತಂದೆಗೆ ಹೆದರಿಕೆಯಾಗುತ್ತಿತ್ತಂತೆ. ಹೆಸರು ಗೊತ್ತಾದರೆ ನೆನಪಿನಲ್ಲಿ ಉಳಿದುಬಿಡುತ್ತದಲ್ಲ.

"ನಮ್ಮ ಮನೆಯಲ್ಲಿ ಫೋನನ್ನು ಮೆತ್ತನೆಯ ದಿಂಬುಗಳ ಅಡಿಯಲ್ಲಿ ಇಡುತ್ತಿದ್ದರು," ಎಂದರು ಅವರು. "ಅದು ರಿಂಗಾದರೆ ತಂದೆ ಊಟದ ತಟ್ಟೆ ಬಿಟ್ಟು ನೆಟ್ಟಗೆ ಎದ್ದು ನಿಲ್ಲುತ್ತಿದ್ದರು, ಮುಖ ಬಿಳಿಚಿಕೊಂಡಿರುತ್ತಿತ್ತು. ಎಲ್ಲರ ಮನೆಯಲ್ಲೂ ಫೋನು ದಿಂಬಿನ ಅಡಿಯಲ್ಲೇ ಇರುತ್ತದೆ ಎಂದುಕೊಂಡಿದ್ದೆ ನಾನು, ಚಿಕ್ಕವನಿದ್ದಾಗ."

ಇಂಗ್ಲೆಂಡಿನ ಆಕಾಶ ಸ್ವಲ್ಪ ತಣ್ಣಗಾದ ಮೇಲೆ ಅವನನ್ನು ಹಡಗಿನಲ್ಲಿ ಹಿಂದೂಸ್ತಾನಕ್ಕೆ ಕಳಿಸಿದರು. ಬರ್ಮಾದ ಗಡಿಯಲ್ಲಿ ಜಪಾನಿನವರ ಜೊತೆ ಯುದ್ಧ. ಅಲ್ಲಿ ಕೆಸರಿನ ಮೈದಾನ, ಮಲೇರಿಯಾ, ಬೂಟಿನಲ್ಲಿ ಚೇಳು. ಒಮ್ಮೆ ರಿಪೇರಿಯಾದ ಒಂದು ಫೈಟರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸುವ ಕೆಲಸ ಬಂತು. ಯುದ್ಧವಿಲ್ಲದ ಸೀಮೆಯ ಮೇಲೆ, ಯಾರೂ ಗುಂಡು ಹಾರಿಸದ ಆಕಾಶದಲ್ಲಿ ಹಾಯಾಗಿ ಹೋಗುವ ಪ್ರಯಾಣ. ಆದರೆ ನಮ್ಮ ಈ ಕಲ್ಲುಗುಡ್ಡಗಳ ಮೇಲೆ ಬರುವಾಗ ಎಂಜಿನ್ ಕೆಮ್ಮಿ ನಿಂತುಬಿಟ್ಟಿತು.

"ಒಂದು ಹೊಲಕ್ಕೆ ಇಳಿಸಿದರಂತೆ. ಕಾಲು ಮುರಿಯಿತು. ಒಬ್ಬ ಹೆಂಗಸು ವಿಮಾನ ಹತ್ತಿ, ಅವರನ್ನು ಬಿಗಿದಿದ್ದ ಪಟ್ಟಿಗಳನ್ನು ಕುಡುಗೋಲಿನಿಂದ ಕತ್ತರಿಸಿ ಹೊರಗೆಳೆದಳು. ಎತ್ತಿನ ಬಂಡಿಯಲ್ಲಿ ಬಳ್ಳಾರಿಗೆ ತಂದರು. ದಾರಿಯುದ್ದಕ್ಕೂ ಒಂದು ಪುಟ್ಟ ಹುಡುಗಿ ತಲೆಯ ಹತ್ತಿರ ಕೂತು ಬೇವಿನ ಟೊಂಗೆಯಿಂದ ನೊಣ ಓಡಿಸುತ್ತಿದ್ದಳಂತೆ. ಸಾಯುವವರೆಗೂ ತಂದೆ ಅದನ್ನು ಹೇಳುತ್ತಿದ್ದರು. ನನ್ನನ್ನು ಅಲ್ಲೇ ಬಿಟ್ಟು ಹೋಗಲು ಆ ಜನರಿಗೆ ಎಲ್ಲ ಕಾರಣವೂ ಇತ್ತು, ಆದರೂ ಬಿಡಲಿಲ್ಲ ಅನ್ನುತ್ತಿದ್ದರು."

ನನ್ನ ಈ ರೋಗಿ ಜೀವನವಿಡೀ ಬಸ್ ಡ್ರೈವರ್ ಆಗಿದ್ದವರು. ಹೋದ ವರ್ಷ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಮನೆ ತುಂಬ ಮಂದಿ ಕೂತಿದ್ದನ್ನು ನೋಡುತ್ತಿದ್ದಾಗ, ಆ ಹೆಂಗಸು ಅಂದು ಕುಡುಗೋಲು ಎತ್ತದಿದ್ದರೆ ಈ ಮೇಜಿನ ಸುತ್ತ ಯಾರೂ ಇರುತ್ತಿರಲಿಲ್ಲ ಎಂದು ಹೊಳೆಯಿತಂತೆ. ಅದಕ್ಕೇ ಹೊರಟು ಬಂದಿದ್ದರು. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ಒಂದೂ ಗೊತ್ತಿರಲಿಲ್ಲ.

ಸಂಜೆ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಇದನ್ನು ಹೇಳಿ, ಡಿಸ್ಚಾರ್ಜ್ ಆದ ಮೇಲೆ ನಾನೇ ಅವರನ್ನು ಕುರುಗೋಡಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ನನ್ನ ಗಂಡ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಅಳತೆ ಸರಿಯಾಗಿ ಗೊತ್ತಾಗದೆ ಯಾವುದಕ್ಕೂ ಕತ್ತರಿ ಹಾಕುವವರಲ್ಲ.

"ಗುರ್ತಿಲ್ಲ ಪರಿಚಯಿಲ್ಲ, ಯಾರದೋ ಹಿಂದ ಎಲ್ಲಿಗೆ ಹೊಂಟೀಯ? ಅಷ್ಟು ವರ್ಷದ ಮಾತು, ಯಾರು ಉಳಿದಿರ್ತಾರ?" ಎಂದರು.

ನಮ್ಮತ್ತೆಯ ತವರು ಆದೋನಿ ಕಡೆ. ಮನಸ್ಸು ತುಂಬಿದಾಗ ಅವರಿಗೆ ತೆಲುಗೇ ಬರುವುದು. "ತಂಡ್ರಿ ಕೋಸಂ ಇಂತ ದೂರಂ ವಚ್ಚಾಡಾ!" ಎಂದು ಗಲ್ಲಕ್ಕೆ ಕೈ ಹಚ್ಚಿದರು. ಅಪ್ಪನಿಗಾಗಿ ಇಷ್ಟು ದೂರ ಬಂದನಾ ಎಂದು. ಆಮೇಲೆ ಮಗನ ಕಡೆ ತಿರುಗಿ ಕನ್ನಡದಲ್ಲಿ, "ನೀ ಸುಮ್ನಿರಪ್ಪ. ಗಾಡಿ ನೋಡಿ ಕೊಡು," ಎಂದರು. ಗಂಡ ಪಕ್ಕದ ಬೀದಿಯ ಪರಿಚಯದ ಡ್ರೈವರನಿಗೆ ಹೇಳಿದರು.

ನನ್ನ ವಾರದ ರಜೆಯ ದಿನ ಹೊರಟೆವು. ಡ್ರೈವರ್ ಮುಸ್ಲಿಂ, ನಡುವಯಸ್ಸಿನವನು, ಹಿಂದೆ ಖಾಸಗಿ ಬಸ್ಸು ಓಡಿಸಿದವನು. ನಮ್ಮ ಅತಿಥಿಯೂ ಬಸ್ಸಿನವರೆಂದು ತಿಳಿದದ್ದೇ ಇಬ್ಬರಿಗೂ ಭಾಷೆಯ ಅಡ್ಡಿ ಉಳಿಯಲಿಲ್ಲ. ಗೇರು, ಬ್ರೇಕು, ಕ್ಲಚ್ಚು, ಸ್ಟಾಪ್ ಇಲ್ಲದಲ್ಲಿ ಕೈ ಮಾಡುವ ಜನ, ಎಲ್ಲವನ್ನೂ ಕೈಸನ್ನೆಯಲ್ಲೇ ಮಾತಾಡಿ ನಗುತ್ತಿದ್ದರು. ನಾನು ಹಿಂದೆ ಕೂತು ಸುಮ್ಮನೆ ನೋಡುತ್ತಿದ್ದೆ.

ಕುರುಗೋಡಿನ ಗುಡ್ಡ ಕಾಣಿಸಿದಾಗ ಅವರು ಕಾರು ನಿಲ್ಲಿಸಲು ಹೇಳಿ ಕೆಳಗಿಳಿದರು. ಬಂಡೆಗಳ ಆ ಗುಡ್ಡವನ್ನು ಬಹಳ ಹೊತ್ತು ನೋಡಿದರು. "ಕಲ್ಲುಗಳನ್ನು ಯಾರೋ ಒಂದರ ಮೇಲೊಂದು ಒಟ್ಟಿ ಮರೆತು ಹೋದ ಹಾಗಿದೆ ಅಂತ ತಂದೆ ಹೇಳುತ್ತಿದ್ದರು," ಎಂದರು.

ಊರೊಳಗೆ ಕೇಳುತ್ತ ಹೋಗುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ. ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಚಹಾ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರಿಗೆ, "ಯಜಮಾನ್ರೇ, ಹಿಂದಕ್ಕ ಈ ಕಡೆ ವಿಮಾನ ಏನಾರ ಬಿದ್ದಿತ್ತೇನ್ರಿ, ಬ್ರಿಟಿಷರ ಕಾಲದಾಗ?" ಎಂದೆ.

"ಇಮಾನದ ಹೊಲ ಕೇಳ್ತೀರೇನು?" ಎಂದರು ಅವರು, ಅಂಗಡಿಯ ದಾರಿ ಹೇಳುವಷ್ಟು ಸಲೀಸಾಗಿ. "ಸಿರುಗುಪ್ಪ ರಸ್ತಾ ಹಿಡಿದು ಹೋಗ್ರಿ, ಎಡಕ್ಕ ಐತಿ. ಈಗ ಮೆಣಸಿನಕಾಯಿ ಹಾಕ್ಯಾರ."

ನಾನು ಅದನ್ನು ಇಂಗ್ಲಿಷಿಗೆ ಹೇಳಿದಾಗ ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆ ಹೊಲದ ಹೆಸರೇ ವಿಮಾನದ ಹೊಲವೇ ಎಂದು ಎರಡೆರಡು ಸಲ ಕೇಳಿದರು. ಹೊಲಕ್ಕೆ ಹೋದೆವು. ಕಾಲುವೆ ನೀರು ಬಂದ ಮೇಲೆ ಅಲ್ಲಿ ಬೇರೆಯೇ ಬೆಳೆ. ಹಣ್ಣಾದ ಮೆಣಸಿನಕಾಯಿಯಿಂದ ಹೊಲ ಕೆಂಪಗಿತ್ತು. ಒಂದು ತುದಿಯಲ್ಲಿ ಹಳೆಯ ಕಲ್ಲಿನ ಒಡ್ಡು ಇನ್ನೂ ಇತ್ತು. ಅವರು ಬೂಟು ಕಳಚಿಟ್ಟು, ಕಪ್ಪು ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತರು. ಕಾಯಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನು ನೋಡಿದರು. ಅವರಲ್ಲಿ ಹಿರಿಯಳೊಬ್ಬಳು ಹತ್ತಿರ ಬಂದು ವಿಷಯ ಕೇಳಿಕೊಂಡಳು.

"ಆ ಮನಿ ಮಂದಿ ಹೊಲ ಮಾರಿ ಎಷ್ಟೋ ವರ್ಷ ಆತು," ಎಂದಳು. "ಬಂಡ್ಯಾಗ ಕುಂತು ಹೋಗಿದ್ದ ಹುಡುಗಿ ಐತಲ್ಲ, ಅಕಿನ್ನ ಸಿರುಗುಪ್ಪಕ್ಕ ಕೊಟ್ಟಿದ್ರು. ಅಕಿ ಇನ್ನಾ ಅದಾಳ. ಹೋದ ದೀಪಾವಳಿಗೆ ನಮ್ಮೋರ ಲಗ್ನಕ್ಕ ಬಂದಿದ್ಲು."

ಇದನ್ನು ನಾನು ಹೇಳಿದ ಕೂಡಲೇ ಅವರು ಕಾರಿನ ಬಾಗಿಲು ಹಿಡಿದುಕೊಂಡು ನಿಂತರು. ನಾಡಿ ನೋಡಿದೆ, ಜೋರಾಗಿ ಬಡಿಯುತ್ತಿತ್ತು. ನೀರು ಕುಡಿಸಿ, ನೆರಳಲ್ಲಿ ಸ್ವಲ್ಪ ಕೂರಿಸಿ, ಆಮೇಲೆ ಸಿರುಗುಪ್ಪಕ್ಕೆ ಹೊರಟೆವು.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಆ ಮನೆ. ಬೇಯಿಸಿದ ಭತ್ತದ ವಾಸನೆ ಬೀದಿಯೆಲ್ಲ ಹರಡಿತ್ತು. ಬಾಗಿಲಿಗೆ ಬಂದ ಸೊಸೆಗೆ ನಾವು ಬಂದ ಕಾರಣ ಹೇಳಿದೆ. ಆಕೆ ಒಳಗೆ ತಿರುಗಿ ಕೂಗಿದಳು: "ಅತ್ತೀ, ನೀವು ಹೇಳ್ತಿದ್ರಲ್ಲ ಇಮಾನದಾಂವ, ಅವನ ಮಗ ಬಂದಾನಂತ!"

ಅಜ್ಜಿ ನಡುಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎಂಬತ್ತು ದಾಟಿ ಎಷ್ಟೋ ವರ್ಷವಾದ ಮುಖ, ಹಣೆಯ ಮೇಲೆ ವಿಭೂತಿ. ಮೊರ ಪಕ್ಕಕ್ಕೆ ಸರಿಸಿ, ಬಂದವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಕಾಲು ಕೂಡಿತೇನವ್ವ ಅವಂದು?" ಇದು ಆಕೆಯ ಮೊದಲ ಮಾತು.

ನಾನು ಅದನ್ನು ಇಂಗ್ಲಿಷಿಗೆ ತಂದೆ. ಅವರು ಉತ್ತರಿಸಿದರು: "ಕೂಡಿತು. ಸ್ವಲ್ಪ ಕುಂಟುತ್ತಿದ್ದರು. ಮತ್ತೆ ಯುದ್ಧಕ್ಕೆ ಹೋಗಲಿಲ್ಲ. ಬರ್ಮಾಕ್ಕೆ ಮರಳಿ ಹೋದ ಗೆಳೆಯರು ಹೆಚ್ಚಿನವರು ತಿರುಗಿ ಬರಲಿಲ್ಲ. ತಂದೆ ಊರಿಗೆ ಬಂದು ಬೇಕರಿ ನಡೆಸಿದರು. ವಯಸ್ಸಾಗಿ, ಮನೆಯಲ್ಲೇ, ನಿದ್ದೆಯಲ್ಲಿ ತೀರಿಕೊಂಡರು." ಮೊಬೈಲಿನಲ್ಲಿ ತಂದೆಯ ಫೋಟೋ ತೋರಿಸಿದರು. ಆಮೇಲೆ, ಬಹುಶಃ ಇಂಗ್ಲೆಂಡಿನಿಂದಲೇ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದರು: "ನಿಮ್ಮ ತಾಯಿ ನನ್ನ ತಂದೆಯ ಜೀವ ಉಳಿಸಿದರು. ನಮ್ಮ ಮನೆಯವರೆಲ್ಲರ ಪರವಾಗಿ ಕೈ ಮುಗಿಯಲು ಬಂದಿದ್ದೇನೆ."

ಅಜ್ಜಿ ಹುಬ್ಬು ಗಂಟಿಕ್ಕಿದಳು. "ಅವನ ಜೀವ ನಾವು ಉಳಿಸಿದ್ವಾ? ಯಾರು ಹೇಳಿದ್ರು? ನಮ್ಮನ್ನ ಉಳಿಸಿದಾಂವ ಅವ."

ನನಗೂ ಅರ್ಥವಾಗಲಿಲ್ಲ. "ಹೆಂಗ ಅಜ್ಜಿ?" ಎಂದೆ.

"ಮಳಿ ಆಗಿ ಹಸಿ ಇತ್ತು ಹೊಲ. ಹೆಣ್ಮಕ್ಕಳು ಸಾಲಾಗಿ ಕುಂತು ಹತ್ಯಾಗ ಕಸ ತಗೀತಿದ್ವಿ. ಅವ್ವ ಮುಂದ, ನಾ ಅಕಿ ಹಿಂದ. ಸಪ್ಪಳಿಲ್ಲ ಏನಿಲ್ಲ, ಸುಯ್ಯ್ ಅಂತ ಗಾಳಿ ಬಂದಂಗಾತು. ತಲಿ ಎತ್ತಿ ನೋಡ್ತೀವಿ, ನಮ್ಮ ಮ್ಯಾಲೇ ಬರಾಕತ್ತೇತಿ! ಓಡಬೇಕಂದ್ರ ಎರಿ ಮಣ್ಣು, ಕಾಲು ಕಿತ್ತಿಡಾಕ ಬರವಲ್ದು. ಅವ್ವ ನನ್ನ ಮ್ಯಾಲೆ ಬಿದ್ಲು. ಅಕಿ ಕಂಕುಳಾಗಿಂದ ನಾ ನೋಡಿದೆ. ಒಳಗ ಕುಂತವನ ಮುಖ ಕಂಡಿತು ನಂಗ. ಅವ ನಮ್ಮನ್ನ ನೋಡಿದ. ನೋಡಿದವನೇ ಗಕ್ನ ಒಂದು ಕಡೀಗೆ ವಾಲಿಸಿಬಿಟ್ಟ. ಹೋಗಿ ಕಲ್ಲಿನ ಒಡ್ಡಿಗೆ ಬಡದ."

ನಾನು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಅಜ್ಜಿಯ ಕಡೆಗೆ ಬಾಗಿದರು. "ಅದು ತಾನಾಗಿ ತಿರುಗಿತೋ, ಅವರೇ ತಿರುಗಿಸಿದರೋ, ಕೇಳಿ," ಎಂದರು.

"ನಾ ಕಣ್ಣಾರೆ ಕಂಡೀನಿ," ಎಂದಳು ಅಜ್ಜಿ. "ನೆಟ್ಟಗ ಬಂದಿದ್ರ ಅವನಿಗೇನೂ ಆಗ್ತಿದ್ದಿಲ್ಲ, ಮೆತ್ತನ್ನ ಹೊಲ. ನಾವು ಯಾರೂ ಉಳೀತಿದ್ದಿಲ್ಲ. ಅವ ಹೇಳಿಲ್ಲೇನು ನಿಮಗ?"

ಹೇಳಿರಲಿಲ್ಲ. ಇಷ್ಟು ವರ್ಷ, ಒಮ್ಮೆಯೂ ಹೇಳಿರಲಿಲ್ಲ. ಬಂಡಿ, ನೊಣ, ಬೇವಿನ ಟೊಂಗೆ, ಕುಡಿಸಿದ ಮಜ್ಜಿಗೆ, ಎಲ್ಲವನ್ನೂ ಹೇಳಿದ್ದ ಮನುಷ್ಯ ತಾನು ಮಾಡಿದ್ದನ್ನು ಮಾತ್ರ ಬಿಟ್ಟಿದ್ದ. ಅವರು ಕನ್ನಡಕ ತೆಗೆದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಜ್ಜಿ ಅವಸರ ಮಾಡಲಿಲ್ಲ. ಸೊಸೆ ತಂದಿಟ್ಟ ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿ ಕಾದಳು.

ಆಮೇಲೆ ಉಳಿದದ್ದನ್ನು ಆಕೆಯೇ ಹೇಳಿದಳು. ಆಕೆಯ ಚಿಕ್ಕಪ್ಪ ಆಗ ಬಳ್ಳಾರಿಯ ಜೈಲಿನಲ್ಲಿದ್ದ. ಬ್ರಿಟಿಷರು ತೊಲಗಲಿ ಎಂದು ಕೂಗಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ವಿಮಾನ ಬಿದ್ದದ್ದು ನೋಡಿ ಓಡಿಬಂದ ಊರ ಗಂಡಸರಲ್ಲಿ ಒಬ್ಬ, "ನಮ್ಮ ಹುಡುಗ ಜೈಲಿನಾಗ ಕೊಳಿಯಾಕತ್ಯಾನ, ಈ ಬಿಳಿಯನ್ನ ಯಾಕ ಎತ್ತಬೇಕು? ಇಲ್ಲೇ ಬಿದ್ದಿರ್ಲಿ," ಎಂದನಂತೆ. ಕೆಲವರು ಹೌದೆಂದರು. ಅಜ್ಜಿಯ ತಾಯಿ ಅಷ್ಟರಲ್ಲಿ ವಿಮಾನದ ರೆಕ್ಕೆ ಏರಿದ್ದಳು.

"ಅವ ನಮ್ಮನ್ನ ನೋಡಿ ಹೊಳ್ಳಿಸ್ಯಾನ. ನಾವು ಅವನ್ನ ನೋಡಿ ಹೊಳ್ಳಿ ಹೋಗೂದಾ?" ಎಂದು ಮೇಲಿನಿಂದಲೇ ಕೇಳಿದಳಂತೆ. ಬೇಡವೆಂದವನೇ ಬಂಡಿ ಹೂಡಿಕೊಂಡು ಬಂದ. ಜೋಳದ ಸೊಪ್ಪೆ ಹಾಸಿ ಮಲಗಿಸಿದರು.

ಬಳ್ಳಾರಿಯ ದಂಡಿನ ಆಸ್ಪತ್ರೆಗೆ ಒಪ್ಪಿಸಿದಾಗ ಅಲ್ಲಿಯ ಅಧಿಕಾರಿ, ನಿಮಗೆ ಏನು ಬೇಕು ಎಂದು ಕನ್ನಡ ಬಲ್ಲ ಸಿಪಾಯಿಯ ಮೂಲಕ ಕೇಳಿಸಿದ. "ನನ್ನ ಮೈದುನನ್ನ ಒಂದ್ಸಲ ನೋಡಬೇಕು," ಎಂದಳು ತಾಯಿ. ಅಧಿಕಾರಿಯ ಮುಖ ಗಂಟಾಯಿತು.

"ಆಗ ಇವರಪ್ಪ ಮಲಗಿದ್ದಲ್ಲಿಂದ ಅವನ ಅಂಗಿ ತೋಳು ಹಿಡದ," ಎಂದಳು ಅಜ್ಜಿ. "ಅವರ ಮಾತಿನಾಗ ಏನೋ ಅಂದ. ಹಿಡದ ತೋಳು ಬಿಡಲೇ ಇಲ್ಲ."

"ಇದು ಗೊತ್ತು," ಎಂದರು ಅವರು ಥಟ್ಟನೆ. "ಆ ಹೆಂಗಸಿನ ಮನೆಯವನನ್ನು ನಮ್ಮವರೇ ಜೈಲಿಗೆ ಹಾಕಿದ್ದಾರೆ ಎಂದು ಅವತ್ತು ತಿಳಿಯಿತು ಅನ್ನುತ್ತಿದ್ದರು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು ಅನ್ನುತ್ತಿದ್ದರು. ಜೈಲಿನಲ್ಲಿ ನೋಡಲು ಬಿಟ್ಟರೇ?"

"ಬಿಟ್ರು. ನಾನೂ ಹೋಗಿದ್ದೆ. ಕಾಕ ನಕ್ಕ. 'ಅತ್ತಿಗೀ, ನಾ ಅವರನ್ನ ದೇಶ ಬಿಟ್ಟು ಓಡಸಾಕ ನಿಂತೀನಿ, ನೀ ಬಂಡ್ಯಾಗ ಮಲಗಿಸ್ಕೊಂಡು ಕರ್ಕೊಂಡು ಬಂದಿಯೇನು?' ಅಂದ. ಆಮ್ಯಾಲೆ, 'ಚಲೋ ಮಾಡಿದಿ' ಅಂದ."

ಇದನ್ನು ನಾನು ಇಂಗ್ಲಿಷಿಗೆ ತಂದಾಗ ಅವರು ಅಳುತ್ತಲೇ ನಗತೊಡಗಿದರು. ಅಜ್ಜಿಯೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ನಮ್ಮ ಡ್ರೈವರ್ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಏನ್ ಮಂದಿ ಇದ್ರು ಮೇಡಂ ಅವಾಗ," ಎಂದ.

ಊಟ ಮಾಡದೆ ಬಿಡಲಿಲ್ಲ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಅವರ ಹೊಟ್ಟೆಯ ಚಿಂತೆ ನನಗಿತ್ತು. ಚಟ್ನಿ ಕಡಿಮೆ ಹಾಕಿ ಎಂದೆ. "ಸಿಸ್ಟರ್, ಇವತ್ತು ನಾನು ನಿಮ್ಮ ರೋಗಿಯಲ್ಲ," ಎಂದು ತಟ್ಟೆ ಮುಂದೆ ಚಾಚಿದರು. ರೊಟ್ಟಿ ಮುರಿಯಲು ಬಾರದೆ ಒದ್ದಾಡುತ್ತಿದ್ದಾಗ ಅಜ್ಜಿ ಎದ್ದು ಬಂದು, ಪಕ್ಕದಲ್ಲಿ ಕೂತು, ಮುರಿದು ಮುರಿದು ತಟ್ಟೆಗೆ ಹಾಕಿದಳು. ಹೊರಡುವಾಗ ಅವರು ಬಗ್ಗಿ ಕಾಲು ಮುಟ್ಟಿದರು. ಡ್ರೈವರ್ ಕಲಿಸಿಕೊಟ್ಟಿದ್ದನೋ ಏನೋ. ಅಜ್ಜಿ ಅವರ ಕೆನ್ನೆ ಸವರಿ, ತನ್ನ ಹಣೆಗೆ ಬೆರಳು ಒತ್ತಿ ಲಟಲಟ ನೆಟಿಗೆ ಮುರಿದಳು.

ಬಳ್ಳಾರಿಗೆ ಮರಳುವ ದಾರಿಯಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಒಮ್ಮೆ ಮಾತ್ರ, "ನಾನು ಧನ್ಯವಾದ ಕೊಡಲು ಬಂದೆ. ತೆಗೆದುಕೊಂಡು ಹೋಗುತ್ತಿದ್ದೇನೆ," ಎಂದರು. ಅಂದಿನಿಂದ ನನಗೆ ನನ್ನ ಕೆಲಸದ ಬಗ್ಗೆ ಒಂದು ಸಮಾಧಾನವಿದೆ. ವಾರ್ಡಿಗೆ ಬಂದವರು ಯಾವ ಊರಿನವರು, ಯಾರ ಕಡೆಯವರು ಎಂದು ಕೇಳುವ ಮೊದಲೇ ನಾವು ಅವರ ಕೈ ಹಿಡಿದು ನಾಡಿ ನೋಡುತ್ತೇವಲ್ಲ, ಆ ಅಭ್ಯಾಸ ಆಸ್ಪತ್ರೆಗಳಿಗಿಂತ ಹಳೆಯದು, ನಮ್ಮ ಈ ಕಪ್ಪು ಮಣ್ಣಿನಲ್ಲೂ ಇತ್ತು ಎಂದು ಗೊತ್ತಾಯಿತು. ಅದನ್ನು ನಾನು ಕಿವಿಯಾರೆ ಕೇಳುವಂತೆ ಹೇಳಿದ ಅಜ್ಜಿಗೆ, ತಲೆ ಸುತ್ತಿ ನಮ್ಮ ವಾರ್ಡಿಗೇ ಬಂದು ಬಿದ್ದ ಆ ಮನುಷ್ಯನಿಗೆ, ಗಾಡಿ ನೋಡಿ ಕೊಡು ಎಂದ ನಮ್ಮತ್ತೆಗೆ ನಾನು ಋಣಿ.

ಈಗ ಹಬ್ಬಗಳಲ್ಲಿ ಅವರು ವಿಡಿಯೋ ಕಾಲ್ ಮಾಡುತ್ತಾರೆ. ಮಕ್ಕಳು ಮೊಮ್ಮಕ್ಕಳೆಲ್ಲ ಒಟ್ಟಾಗಿ ಪರದೆಗೆ ಮುಖ ತಂದು ಕೈ ಬೀಸುತ್ತಾರೆ. ನಾನೂ ಆಗಾಗ ಸಿರುಗುಪ್ಪಕ್ಕೆ ಹೋಗಿಬರುತ್ತೇನೆ. ಅಜ್ಜಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಕಳೆದ ತಿಂಗಳು ಹೋದಾಗ ಬಿ.ಪಿ. ನೋಡಿ, ಮಾತ್ರೆ ಬದಲಿಸಲು ಡಾಕ್ಟರಿಗೆ ಹೇಳುತ್ತೇನೆ ಎಂದೆ. ಆಕೆಗೆ ಅದರ ಕಡೆ ಲಕ್ಷ್ಯವೇ ಇಲ್ಲ.

"ಆ ಹುಡುಗ ಆರಾಮ ಅದಾನೇನು?" ಎಂದಳು.

"ಅಜ್ಜಿ, ಆ ಹುಡುಗಗ ಎಪ್ಪತ್ತೈದರ ಮ್ಯಾಲಾತು," ಎಂದೆ.

"ಆಗಲ್ಯಾಕ. ರೊಟ್ಟಿ ಮುರಿಯಾಕ ಬರ್ತೈತೇನು ಈಗರ?" ಎಂದು ನಕ್ಕು, ಸೊಸೆಯನ್ನು ಕರೆದು ಒಂದು ಡಬ್ಬಿ ತರಿಸಿದಳು. ಒಳಗೆ ಶೇಂಗಾ ಹೋಳಿಗೆ, ಒಂದೊಂದಕ್ಕೂ ನಡುವೆ ಕಾಗದ ಇಟ್ಟು ಜೋಡಿಸಿದ್ದರು. ಅಷ್ಟು ದೂರಕ್ಕೆ ತಿನ್ನುವ ಪದಾರ್ಥ ಕಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆದರೂ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ.